ಚೀಲ ಹಿಡಿದುಕೊಂಡು ನಿಂತವನು

ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಪ್ರತಿವರ್ಷ ಜಾತ್ರೆ ನಡೆಯುವ ಊರಿನ ಹುಡುಗನೊಬ್ಬ ತೊಟ್ಟಿಲು ಹತ್ತಲು ಹೆದರಿದನೆಂದುಕೊಳ್ಳಿ, ಹನ್ನೆರಡು ತಿಂಗಳು ತಲೆ ತಗ್ಗಿಸಿಕೊಂಡು ಓಡಾಡಿದರೆ ಅವನ ಶಿಕ್ಷೆ ಮುಗಿಯಿತು. ನಮ್ಮ ಕಡೆಯ ಪುಕ್ಕಲರಿಗೆ ಇಪ್ಪತ್ತನಾಲ್ಕು ತಿಂಗಳು. ಅಷ್ಟರಲ್ಲಿ ಎರಡು ಅಡಿಕೆ ಕೊಯ್ಲು ಮುಗಿದಿರುತ್ತಿತ್ತು, ಎರಡು ತರಗತಿ ದಾಟಿರುತ್ತಿತ್ತು, ಆದರೆ ಶಾಲೆಯ ಹಿಂದಿನ ಬೆಂಚಿನವರು ಮಾತ್ರ ಮರೆತಿರುತ್ತಿರಲಿಲ್ಲ. ‘ಕೊಲಂಬಸ್ಸಿನಿಂದ ಅಳುತ್ತಾ ಇಳಿದವನು’ ಎಂಬ ಬಿರುದು ನನಗೆ ಮೂರನೆಯ ತರಗತಿಯಲ್ಲಿ ಸಿಕ್ಕಿ, ಐದನೆಯ ತರಗತಿಯವರೆಗೆ ಊರ್ಜಿತದಲ್ಲಿತ್ತು. ವಾಸ್ತವದಲ್ಲಿ ನಾನು ಅತ್ತದ್ದು ಕೊಲಂಬಸ್ ಎಂಬ ಆ ತೂಗುದೋಣಿ ಹೊರಡುವ ಮೊದಲೇ. ಇತಿಹಾಸಕಾರರು ಇಂಥ ಸೂಕ್ಷ್ಮಗಳನ್ನು ಗಮನಿಸುವುದಿಲ್ಲ.

1990ರ ದಶಕದ ಮೊದಲ ಭಾಗದ ಮಾತು. ಒಂಬತ್ತು ದಿನ ನಡೆಯುವ ಜಾತ್ರೆಯಲ್ಲಿ ಬಿಡಕಿಬೈಲಿನ ಗದ್ದುಗೆಯ ಮೇಲೆ ಕೂತ ದೇವಿಗೆ ಕೈ ಮುಗಿದು, ಹಣ್ಣುಕಾಯಿ ಮಾಡಿಸಿ, ಹಿರಿಯರು ಬಳೆ ಅಂಗಡಿಗಳ ಕಡೆ ತಿರುಗಿದರೆ ಮಕ್ಕಳ ಕಿವಿ ಇನ್ನೊಂದು ದಿಕ್ಕಿಗೆ ನಿಮಿರುತ್ತಿತ್ತು. ಅಲ್ಲಿಂದ ಡೀಸೆಲ್ ಎಂಜಿನ್‌ಗಳ ಗುಡುಗುಡು, ಮೈಕಿನ ಕೂಗು, ನಡುನಡುವೆ ಯಾರದೋ ಕಿರುಚಾಟ ತೇಲಿ ಬರುತ್ತಿದ್ದವು. ಕಿರುಚಾಟ ಖುಷಿಯದೋ ನಿಜವಾದದ್ದೋ ಎಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ಹತ್ತಿರ ಹೋದ ಮೇಲೂ ನನಗೆ ಹೇಳಲಾಗಲಿಲ್ಲ.

ಆ ಕಾಲದ ಆಟದ ಯಂತ್ರಗಳ ಮೇಲೆ ಒಂದೇ ಒಂದು ಎಚ್ಚರಿಕೆಯ ಫಲಕ ಇರುತ್ತಿತ್ತು: ‘ಇಂದು ನಗದು, ನಾಳೆ ಸಾಲ’. ಎಷ್ಟು ಎತ್ತರದವರು ಹತ್ತಬಹುದು, ಯಾರು ಹತ್ತಬಾರದು ಎಂಬ ಮಾತೇ ಇಲ್ಲ. ಟಿಕೆಟ್ಟಿನ ದುಡ್ಡು ಕೈಗೆ ಎಟುಕಿದವನಿಗೆ ತೊಟ್ಟಿಲೂ ಎಟುಕುತ್ತದೆ ಎಂಬುದಷ್ಟೇ ನಿಯಮ. ದೊಡ್ಡ ತೊಟ್ಟಿಲಿನ ಬುಡ ನೋಡಿದರೆ ಹತ್ತುವ ಆಸೆ ಅರ್ಧ ಇಳಿಯುತ್ತಿತ್ತು. ನೆಲ ಸಮ ಇಲ್ಲದ ಕಡೆ ಕಂಬದ ಕೆಳಗೆ ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸಿ, ಅವು ಜಾರದಂತೆ ಮರಳು ತುಂಬಿದ ಗೊಬ್ಬರದ ಚೀಲಗಳನ್ನು ಒತ್ತರಿಸಿ ಇಡುತ್ತಿದ್ದರು. ನಮ್ಮ ಮನೆಯಲ್ಲಿ ಕಾಲು ಮುರಿದ ಮೇಜನ್ನು ನಿಲ್ಲಿಸುತ್ತಿದ್ದುದೂ ಇದೇ ವಿಧಾನದಲ್ಲಿ. ಆ ಮೇಜಿನ ಮೇಲೆ ಆಯಿ ಹಾಲಿನ ಪಾತ್ರೆ ಇಡಲು ಸಹ ಒಪ್ಪುತ್ತಿರಲಿಲ್ಲ.

ಮರಣಬಾವಿಗೆ ಬರುತ್ತೇನೆ. ಅದರಲ್ಲಿ ಪ್ರೇಕ್ಷಕನಾಗಿ ನಿಲ್ಲುವುದಷ್ಟೇ ಕೆಲಸವಾದ್ದರಿಂದ ನನಗೆ ಹಿತವಾಗಿತ್ತು. ಹಲಗೆಗಳನ್ನು ನೆಟ್ಟಗೆ ಜೋಡಿಸಿ ಕಟ್ಟಿದ ದೊಡ್ಡ ಪೀಪಾಯಿಯಂಥ ಬಾವಿ. ಹೊರಗಿನಿಂದ ಮೆಟ್ಟಿಲು ಹತ್ತಿ, ಮೇಲಿನ ಅಂಚಿನಲ್ಲಿ ಸುತ್ತಲೂ ನಿಂತು ಬಗ್ಗಿ ನೋಡಬೇಕು. ತಳದಲ್ಲಿ ಸೈಲೆನ್ಸರ್ ಕಿತ್ತ ಒಂದು ಯೆಜ್ಡಿ. ಮೈಸೂರಿನ ಕಾರ್ಖಾನೆಯಿಂದ 1961ರಲ್ಲಿ ಜಾವಾ ಎಂಬ ಹೆಸರಿನಲ್ಲಿ ಹೊರಬರತೊಡಗಿ, ಆಮೇಲೆ ಯೆಜ್ಡಿಯಾಗಿ, 1996ರಲ್ಲಿ ನಿಂತೇ ಹೋದ ಆ ಬೈಕು ನಮ್ಮೂರಿನ ರಸ್ತೆಯಲ್ಲಿ ಮೇಷ್ಟರೊಬ್ಬರ ಕೈಯಲ್ಲಿ ಗಂಭೀರವಾಗಿ ಓಡಾಡುತ್ತಿತ್ತು. ಅದೇ ಜಾತಿಯ ಬೈಕು ಇಲ್ಲಿ ಗೋಡೆ ಹತ್ತುತ್ತಿತ್ತು. ಸವಾರ ಎರಡು ಸುತ್ತು ತಳದಲ್ಲಿ, ಒಂದು ಸುತ್ತು ಇಳಿಜಾರಿನಲ್ಲಿ ಹೊಡೆದು, ನಾಲ್ಕನೆಯದಕ್ಕೆ ಗೋಡೆಗೇ ಹಲ್ಲಿಯಂತೆ ಅಂಟಿಕೊಂಡುಬಿಡುತ್ತಿದ್ದ. ಅವನು ನಮ್ಮ ಕೆಳಗೆ ಹಾದುಹೋದಾಗಲೆಲ್ಲ ಹಲಗೆಗಳು ನನ್ನ ಹೊಟ್ಟೆಯ ಹತ್ತಿರ ನಡುಗುತ್ತಿದ್ದವು. ಮೂಗಿಗೆ ಸುಟ್ಟ ಎಣ್ಣೆಯ ವಾಸನೆ.

ಜನ ನೋಟು ಚಾಚಿ ಹಿಡಿದರೆ ಅವನು ಒಂದು ಕೈ ಬಿಟ್ಟು ಕಿತ್ತುಕೊಂಡು ಹೋಗುತ್ತಿದ್ದ. ಒಂದು ರೂಪಾಯಿ, ಎರಡು ರೂಪಾಯಿ ನೋಟುಗಳು ಹೀಗೆ ಮಾಯವಾಗುವುದನ್ನು ನೋಡಿ ನನಗೂ ಉತ್ಸಾಹ ಉಕ್ಕಿತು. ಜೇಬಿನಲ್ಲಿದ್ದ ನೋಟನ್ನು ತೆಗೆದು ಚಾಚಿದೆ. ಅವನು ತೆಗೆದುಕೊಂಡ. ಅಷ್ಟೇ ಅಲ್ಲ, ಮುಂದಿನ ಸುತ್ತಿಗೆ ಬಂದು ನನಗೊಬ್ಬನಿಗೇ ಸಲಾಮು ಹೊಡೆದ. ಇಷ್ಟು ಗೌರವ ಯಾಕೆಂದು ನಾನು ಯೋಚಿಸುತ್ತಿರುವಾಗಲೇ ಪಕ್ಕದಲ್ಲಿದ್ದ ಅಕ್ಕ, “ಅದು ಬಸ್ಸಿನ ದುಡ್ಡು” ಎಂದಳು. ಅದು ನಮ್ಮೆಲ್ಲರ ವಾಪಸು ಪ್ರಯಾಣಕ್ಕೆಂದು ಅತ್ತೆ ‘ನೀನು ಜವಾಬ್ದಾರಿಯ ಹುಡುಗ’ ಎಂದು ನನ್ನ ಜೇಬಿಗೆ ತುರುಕಿದ್ದ ಇಪ್ಪತ್ತು ರೂಪಾಯಿ. ಅಪ್ಪಯ್ಯ ಅಡಿಕೆ ಮಂಡಿಯ ಸಾಹುಕಾರರ ಹತ್ತಿರ ಸಾಲ ಕೇಳಬೇಕಾಯಿತು. ಕಾರಣ ಏನೆಂದು ಸಾಹುಕಾರರು ಕೇಳಿದಾಗ ಅಪ್ಪಯ್ಯ ಹೇಳಿದ ಉತ್ತರ ನನಗೆ ಇವತ್ತಿಗೂ ನೆನಪಿದೆ: “ಮರಣಬಾವಿಗೆ ಬಿತ್ತು.”

ಎಷ್ಟೋ ವರ್ಷದ ನಂತರ ಪಿಯುಸಿಯಲ್ಲಿ ಭೌತಶಾಸ್ತ್ರ ಓದುವಾಗ ಸೇಡು ತೀರಿಸಿಕೊಳ್ಳುವವನಂತೆ ಆ ಬಾವಿಯ ಲೆಕ್ಕ ಹಾಕಿದ್ದೆ. ಬಾವಿಯ ತ್ರಿಜ್ಯ ಐದು ಮೀಟರ್, ಟೈರು-ಹಲಗೆಗಳ ನಡುವಿನ ಘರ್ಷಣಾ ಗುಣಾಂಕ 0.8 ಎಂದು ಹಿಡಿದರೆ, ಬೀಳದೆ ಇರಲು ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗ ಸಾಕು. ಗೋಡೆ ಬೈಕನ್ನು ಒಳಕ್ಕೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆ ಅದನ್ನು ಮೇಲೆ ಹಿಡಿದಿರುತ್ತದೆ. ನಮ್ಮ ಮೇಷ್ಟರು ಇದಕ್ಕಿಂತ ಜೋರಾಗಿ ಪೇಟೆಗೆ ಹೋಗುತ್ತಿದ್ದರು. ಹಾಗಾದರೆ ನಾನು ಇಪ್ಪತ್ತು ರೂಪಾಯಿ ಕೊಟ್ಟದ್ದು ಯಾವ ಸಾಹಸಕ್ಕೆ? ಒಂದು ಕೈ ಬಿಟ್ಟಿದ್ದಕ್ಕೆ ಇರಬೇಕು.

ಮರಣಬಾವಿಯ ಪ್ರಕರಣದ ನಂತರದ ಜಾತ್ರೆಯಲ್ಲಿ ನನ್ನಿಂದ ಜೇಬು ಕಿತ್ತುಕೊಂಡು ಚೀಲ ಕೊಟ್ಟರು. ಹೀಗೆ ನನ್ನ ವೃತ್ತಿಜೀವನ ಆರಂಭವಾಯಿತು. ಎಲ್ಲರೂ ತೊಟ್ಟಿಲು ಹತ್ತುವಾಗ ಚಪ್ಪಲಿ, ಕೊಡೆ, ಬೆಂಡು-ಬತ್ತಾಸಿನ ಪೊಟ್ಟಣ, ಬಳೆ ಕಾಯಲು ಯಾರಾದರೂ ಬೇಕಷ್ಟೇ. “ನಾನು ಚೀಲ ಹಿಡಿದುಕೊಂಡಿರುತ್ತೇನೆ” ಎಂದು ತ್ಯಾಗದ ಮುಖ ಮಾಡಿ ಹೇಳಿದರೆ ಹೆದರಿಕೆ ಎಂಬುದು ಪರೋಪಕಾರದಂತೆ ಕಾಣುತ್ತದೆ. ಪುಕ್ಕಲರೆಲ್ಲ ಇದನ್ನು ಬಲ್ಲರು. ಜಾತ್ರೆಯಲ್ಲಿ ಯಾವ ತೊಟ್ಟಿಲಿನ ಕೆಳಗೆ ನೋಡಿದರೂ ಚೀಲ ತಬ್ಬಿಕೊಂಡು ಮೇಲೆ ನೋಡುತ್ತ ನಿಂತ ನಾಲ್ಕಾರು ಗಂಡಸರು ಸಿಗುತ್ತಾರೆ. ನಾವು ಒಬ್ಬರನ್ನೊಬ್ಬರು ಮಾತನಾಡಿಸುವುದಿಲ್ಲ.

ಈ ನೆಮ್ಮದಿಯನ್ನು ಕೆಡಿಸಿದವಳು ಅತ್ತೆ. ಅಪ್ಪಯ್ಯನ ಅಕ್ಕ. ಜೇನುಹುಟ್ಟು ಇದ್ದ ಮರವನ್ನೂ ಕೆಳಗಿನಿಂದ ಬೈದು ಇಳಿಸಬಲ್ಲ ಹೆಂಗಸು. ಆ ವರ್ಷ ನನಗೆ ಹನ್ನೊಂದು. ಅವಳು ಎರಡು ಟಿಕೆಟ್ಟು ತಂದು, “ಏ ಮಾಣಿ, ಬಾ. ಒಬ್ಬಳೇ ಕೂತರೆ ತೊಟ್ಟಿಲು ವಾಲುತ್ತದಂತೆ” ಎಂದಳು. ಅಂದರೆ ನಾನು ಹೋಗಬೇಕಾದದ್ದು ತೂಕದ ಕಲ್ಲಾಗಿ. ಚೀಲ ಯಾರು ಹಿಡಿಯುತ್ತಾರೆ ಎಂದೆ. ಚೀಲವೂ ಬರಲಿ ಎಂದಳು.

ಅಪ್ಪಯ್ಯ ಬರಲಿಲ್ಲ. ಹೊಟ್ಟೆಯ ಹುಣ್ಣಿಗೆ ಔಷಧ ನಡೆಯುತ್ತಿತ್ತು; ಖಾರ ಮುಟ್ಟಬಾರದೆಂದು ವೈದ್ಯರು ಹೇಳಿದ್ದರಿಂದ ಆರು ತಿಂಗಳಿಂದ ಅವರದು ಒಂದೆಲಗದ ತಂಬುಳಿ, ಮಜ್ಜಿಗೆ ಅನ್ನ. ಗದ್ದುಗೆಯ ಹತ್ತಿರ ನೆರಳಿನಲ್ಲಿ ಕೂತು ನಾಮಸ್ಮರಣೆ ಮಾಡುತ್ತಿರುತ್ತೇನೆ ಎಂದು ಹೇಳಿ ಹೋಗಿದ್ದರು.

ಕೂತೆವು. ಮುಂದಿನ ಅಡ್ಡಪಟ್ಟಿಗೆ ಕೊಂಡಿ ಇತ್ತು, ಕೊಂಡಿಗೆ ಸಿಕ್ಕಿಸುವ ಮೊಳೆ ಇರಲಿಲ್ಲ. ತೊಟ್ಟಿಲಿನ ಹುಡುಗ ಸುತಲಿಯಿಂದ ಎರಡು ಸುತ್ತು ಸುತ್ತಿ, ಹಸುವನ್ನು ಕಟ್ಟುವವರು ಹಾಕುವ ಗಂಟು ಹಾಕಿ, ಬೀಡಿ ಬಾಯಿಯ ಇನ್ನೊಂದು ಮೂಲೆಗೆ ತಳ್ಳಿ “ರೈಟ್” ಎಂದ. ನಮ್ಮ ಕೊಟ್ಟಿಗೆಯ ಗೌರಿ ಅಂಥ ಗಂಟನ್ನು ವಾರಕ್ಕೆರಡು ಸಲ ಬಿಚ್ಚಿಕೊಂಡು ಪಕ್ಕದವರ ತೋಟ ಮೇಯುತ್ತಿದ್ದಳು.

ಇಂಥ ತೊಟ್ಟಿಲನ್ನು ಜಗತ್ತಿಗೆ ದೊಡ್ಡದಾಗಿ ತೋರಿಸಿದವನು ಜಾರ್ಜ್ ಫೆರಿಸ್ ಎಂಬ ಎಂಜಿನಿಯರ್. 1893ರ ಶಿಕಾಗೋ ಮೇಳದಲ್ಲಿ ಅವನು ನಿಲ್ಲಿಸಿದ ಚಕ್ರ 264 ಅಡಿ ಎತ್ತರವಿತ್ತು. 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಕೊಲಂಬಸ್ ಅಮೆರಿಕ ಮುಟ್ಟಿದ ನಾನೂರನೆಯ ವರ್ಷದ ನೆನಪಿಗೆಂದು ಮಾಡಿದ ಮೇಳ ಅದು, ಒಂದು ವರ್ಷ ತಡವಾಗಿ. ಆದ್ದರಿಂದ ನಮ್ಮ ಜಾತ್ರೆಯಲ್ಲಿ ತೊಟ್ಟಿಲೂ ಕೊಲಂಬಸ್ ದೋಣಿಯೂ ಅಕ್ಕಪಕ್ಕ ನಿಲ್ಲುವುದು ಚಾರಿತ್ರಿಕವಾಗಿ ಸರಿಯೇ ಇದೆ. ವ್ಯತ್ಯಾಸವೆಂದರೆ ಫೆರಿಸನ ಚಕ್ರವನ್ನು ತಿರುಗಿಸಲು ಸಾವಿರ ಅಶ್ವಶಕ್ತಿಯ ಉಗಿಯಂತ್ರವಿತ್ತು. ನಮ್ಮದಕ್ಕೆ ಯಾವುದೋ ಲಾರಿಯಿಂದ ನಿವೃತ್ತಿ ಪಡೆದ ಎಂಜಿನ್.

ಅದು ಮೂರನೆಯ ಸುತ್ತಿನಲ್ಲಿ ಕೆಮ್ಮಿತು. ನಾಲ್ಕನೆಯದರಲ್ಲಿ ನಿಂತಿತು. ನಾವಿದ್ದದ್ದು ನೆತ್ತಿಯಲ್ಲಿ.

ಮೇಲೆ ನಿಂತಾಗ ಮೊದಲು ಗೊತ್ತಾಗುವುದು ಗಾಳಿ. ಕೆಳಗೆ ಎಲೆ ಅಲುಗದ ದಿನವೂ ಅಲ್ಲಿ ಗಾಳಿ ಇರುತ್ತದೆ. ತೊಟ್ಟಿಲು ಮೆಲ್ಲಗೆ ಮುಂದೆ ಹಿಂದೆ ತೂಗುತ್ತಿತ್ತು, ತೂಗಿದಾಗಲೆಲ್ಲ ಕಿರ್ ಎನ್ನುತ್ತಿತ್ತು. ನಾನು ಕಣ್ಣು ಮುಚ್ಚಿ ಸುತಲಿಯ ಗಂಟನ್ನು ಎರಡೂ ಕೈಯಿಂದ ಹಿಡಿದೆ. ಗಂಟು ನನ್ನನ್ನು ಹಿಡಿದಿರಬೇಕೋ, ನಾನು ಗಂಟನ್ನೋ ಎಂಬ ಪ್ರಶ್ನೆಗೆ ಅದು ಸಮಯವಾಗಿರಲಿಲ್ಲ. ಅತ್ತೆ ಚೀಲ ಬಿಚ್ಚಿ ಕೊಂಡ ಸಾಮಾನುಗಳನ್ನು ತೊಡೆಯ ಮೇಲೆ ಹರಡಿಕೊಂಡಳು. ಹಿತ್ತಾಳೆಯ ಸೌಟನ್ನು ಬಿಸಿಲಿಗೆ ಹಿಡಿದು ನೋಡಿದಳು. “ನೋಡು, ಇಲ್ಲಿ ಬೆಸುಗೆ ಬಿಟ್ಟಿದೆ. ಅಂಗಡಿಯಲ್ಲಿ ಕತ್ತಲೆ ಮಾಡಿ ಕೊಟ್ಟ. ಇಳಿದ ಕೂಡಲೇ ಬದಲಿಸಬೇಕು.” ಇಳಿಯುತ್ತೇವೆ ಎಂಬುದರ ಬಗ್ಗೆ ಅವಳಿಗೆ ಅನುಮಾನವೇ ಇರಲಿಲ್ಲ. ಕೆಳಗೆ ಒಬ್ಬ ಡೀಸೆಲ್ ಡಬ್ಬಿ ಹಿಡಿದು ಓಡುತ್ತಿದ್ದ. ಇಬ್ಬರು ಚಕ್ರದ ಕಂಬಿಗಳಿಗೆ ಜೋತುಬಿದ್ದು ತಮ್ಮ ಮೈಭಾರದಿಂದಲೇ ಅದನ್ನು ತಿರುಗಿಸಲು ನೋಡುತ್ತಿದ್ದರು. ಪಕ್ಕದ ತೊಟ್ಟಿಲಿನ ಅಜ್ಜನೊಬ್ಬ ಎಲೆಅಡಿಕೆ ಮೆಲ್ಲತೊಡಗಿದ. ಉಗುಳುವುದು ಎಲ್ಲಿಗೆ ಎಂದು ಕೆಳಗಿನವರು ಯೋಚಿಸಿರಲಿಲ್ಲ.

ಆಗ ಅತ್ತೆ ಸೌಟನ್ನು ಬಂದೂಕಿನಂತೆ ಚಾಚಿ ಕೇಳಿದಳು: “ಮಾಣಿ, ಅದು ನಿನ್ನ ಅಪ್ಪಯ್ಯನ ಶಾಲಲ್ಲವೇ?”

ಕಣ್ಣು ತೆರೆದೆ. ಗದ್ದುಗೆ ಇದ್ದದ್ದು ಒಂದು ದಿಕ್ಕಿನಲ್ಲಿ. ಸೌಟು ತೋರಿಸುತ್ತಿದ್ದದ್ದು ಮತ್ತೊಂದು ದಿಕ್ಕಿಗೆ. ಅಲ್ಲಿ ಬಾಣಲೆಯಿಂದ ಹೊಗೆ ಏಳುತ್ತಿದ್ದ ಅಂಗಡಿಯ ಮುಂದೆ, ಕೆಂಪಂಚಿನ ಶಾಲು ಹೊದ್ದ ಒಬ್ಬ ಮನುಷ್ಯ ನಿಂತಿದ್ದ. ಎಡಗೈಯಲ್ಲಿ ಕಾಗದ. ಕಾಗದದ ಮೇಲೆ ಮಿರ್ಚಿ ಬಜ್ಜಿ. ಬಲಗೈ ಬಾಯಿಯ ಹತ್ತಿರ ಹೋಗಿ ಬರುತ್ತಿತ್ತು, ನಾಮಸ್ಮರಣೆಯ ಲಯದಲ್ಲೇ. “ಒಂದು,” ಎಂದಳು ಅತ್ತೆ. ಸ್ವಲ್ಪ ಹೊತ್ತಿಗೆ, “ಎರಡು.” ನನ್ನ ಹೆದರಿಕೆ ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ, ನಾನೂ ಎಣಿಸತೊಡಗಿದೆ. ಎಂಜಿನ್ ಮತ್ತೆ ಹೊತ್ತಿಕೊಂಡು ನಾವು ಕೆಳಗಿಳಿಯುವಷ್ಟರಲ್ಲಿ ಲೆಕ್ಕ ಐದಾಗಿತ್ತು. ಆರನೆಯದು ಅರ್ಧವಿತ್ತೆಂದು ಅತ್ತೆ ಇಂದಿಗೂ ವಾದಿಸುತ್ತಾಳೆ.

ಬಸ್ಸಿನಲ್ಲಿ ಅಪ್ಪಯ್ಯ ಹೊಟ್ಟೆ ಹಿಡಿದುಕೊಂಡು ಕೂತಿದ್ದರು. ಏನಾಯಿತು ಎಂದು ಆಯಿ ಗಾಬರಿಯಾದರೆ, “ಬಿಸಿಲಿಗೆ” ಎಂದರು. ಅತ್ತೆ ಕಿಟಕಿಯ ಹೊರಗೆ ನೋಡುತ್ತ, ಯಾರಿಗೂ ಹೇಳದವಳಂತೆ, “ಐದೂವರೆ ಬಿಸಿಲು” ಎಂದಳು. ಆ ಒಂದು ಮಾತಿನ ಬಲದ ಮೇಲೆ ಅವಳು ಮುಂದಿನ ಹಲವು ವರ್ಷ ತಮ್ಮನಿಂದ ಬಹಳ ಕೆಲಸ ಮಾಡಿಸಿಕೊಂಡಳು.

ಕೆಲವು ವರ್ಷದ ಹಿಂದೆ ಮಗಳನ್ನು ಕರೆದುಕೊಂಡು ಬೆಂಗಳೂರಿನ ಹೊರಗಿನ ದೊಡ್ಡ ಉದ್ಯಾನವೊಂದಕ್ಕೆ ಹೋಗಿದ್ದೆ. ಎಂಥ ವ್ಯವಸ್ಥೆ! ಪ್ರತಿ ಆಟದ ಮುಂದೆ ಎತ್ತರ ಅಳೆಯುವ ಗೆರೆ, ಎದೆಗೆ ಪಟ್ಟಿ, ಪಟ್ಟಿಗೆ ಬೀಗ, ಬೀಗವನ್ನು ಎಳೆದು ನೋಡಲು ಸಮವಸ್ತ್ರದ ಹುಡುಗ. ಎಲ್ಲಕ್ಕಿಂತ ಮುಖ್ಯವಾಗಿ ಆ ಫಲಕ: ರಕ್ತದೊತ್ತಡ, ಬೆನ್ನುನೋವು ಇರುವವರು ಹತ್ತಬಾರದು. ನನ್ನ ಕಣ್ಣು ತುಂಬಿ ಬಂತು. ಎರಡೂ ನನಗಿದ್ದವು. ನನ್ನ ಬಾಲ್ಯದಲ್ಲಿ ಇಂಥದೊಂದು ಹಲಗೆಯನ್ನು ಯಾರಾದರೂ ನೆಟ್ಟಿದ್ದರೆ ನಾನು ಎಷ್ಟು ಮಾನವಾಗಿ ಬೆಳೆಯುತ್ತಿದ್ದೆ. ಸುರಕ್ಷತೆಯ ನಿಯಮಗಳಿಂದ ಆಟದ ಮಜಾ ಹೋಯಿತು ಎನ್ನುವವರು ಯಾವತ್ತೂ ಚೀಲ ಹಿಡಿದು ನಿಂತವರಲ್ಲ.

ಕಳೆದ ಸಲದ ಜಾತ್ರೆಗೆ ಅತ್ತೆಯನ್ನೂ ಕರೆದುಕೊಂಡು ಹೋದೆವು. ಈಗ ಅವಳಿಗೆ ಎಪ್ಪತ್ತರ ಮೇಲಾಗಿದೆ. ತೊಟ್ಟಿಲು ನೋಡಿದವಳೇ ಸೆರಗು ಸಿಕ್ಕಿಸಿಕೊಂಡಳು. ಮೊಣಕಾಲು ನೋವಲ್ಲವೇ ಅತ್ತೆ ಎಂದರೆ, “ನೋವಿರುವುದು ನಡೆಯುವುದಕ್ಕೆ. ಕೂರುವುದಕ್ಕೇನು?” ಎಂದು ನನ್ನ ಮಗಳ ಕೈ ಹಿಡಿದು ಸಾಲಿನಲ್ಲಿ ನಿಂತಳು. ನನ್ನ ಕೈಗೆ ಚೀಲ ಬಂತು. ಒಳಗೆ ಹೊಸ ಸೌಟೊಂದು ಚುಚ್ಚುತ್ತಿತ್ತು.

ತೊಟ್ಟಿಲು ತಿರುಗತೊಡಗಿದ ಮೇಲೆ ಸುತ್ತ ನೋಡಿದೆ. ಖಾರ, ಎಣ್ಣೆ ಎರಡನ್ನೂ ವೈದ್ಯರು ನನಗೆ ಬಿಡಿಸಿ ವರ್ಷವಾಗಿತ್ತು. ಬಾಣಲೆ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಆದರೆ ನಾನು ಅಪ್ಪಯ್ಯನಷ್ಟು ಮುಗ್ಧನಲ್ಲ. ಬಜ್ಜಿ ಕಟ್ಟಿಸಿಕೊಂಡು, ಮೇಲಿನಿಂದ ಕಾಣದಂತೆ ಅಂಗಡಿಯ ನೀಲಿ ತಾಡಪಾಲಿನ ಅಡಿಗೆ ಸರಿದು ನಿಂತೆ. ಮೊದಲನೆಯದು ಬಾಯಲ್ಲಿರುವಾಗ ಜೇಬಿನಲ್ಲಿ ಮೊಬೈಲ್ ಕಂಪಿಸಿತು. ಮಗಳು ಮೇಲಿನಿಂದ ಒಂದು ಚಿತ್ರ ಕಳಿಸಿದ್ದಳು. ಚಿತ್ರದ ತುಂಬ ನೀಲಿ ತಾಡಪಾಲು. ಅದರ ಅಂಚಿನ ಕೆಳಗೆ ನನ್ನ ಎರಡು ಚಪ್ಪಲಿ, ಪಕ್ಕದಲ್ಲಿ ಅತ್ತೆಯ ಚೀಲ. ಕೆಳಗೊಂದು ಸಾಲು: “ಒಂದು, ಎನ್ನುತ್ತಿದ್ದಾರೆ ಅಜ್ಜಿ.”