ಕ್ಯಾಮರಕ್ಕೆ ದರ್ಶನ ಬಂದದ್ದು

ಮೊನ್ನೆ ಯಕ್ಷಗಾನದಲ್ಲಿ ಅಕ್ಕನ ಮಗನ ಮೊದಲ ವೇಷ. ಊರಿನ ಮಕ್ಕಳದ್ದೇ ಆಟ, ಕೋಡಂಗಿ ಕಳೆದು ಬಾಲಗೋಪಾಲ ಬರುವ ಹೊತ್ತಿಗೆ ಎದುರಿನ ಸಾಲಲ್ಲಿ ಕೂತು ಫೋನ್ ಎತ್ತಿ ಹಿಡಿದೆ. ನೋಡ್ತೇನೆ, ಮಾಣಿ ಮಾತ್ರ ಅಲ್ಲ, ಭಾಗವತರು, ಮದ್ದಳೆ, ಹಿಂದಿನ ಪರದೆ ಎಲ್ಲ ಸೇರಿ ನಡುಗ್ತಾ ಉಂಟು. ಭೂತದ ಪಾತ್ರಿಗೆ ದರ್ಶನ ಬಂದ ಹಾಗೆ! ಮನೆಗೆ ಬಂದು ಕಿವಿ ಹತ್ತಿರ ಹಿಡಿದ್ರೆ ಫೋನಿನ ಹಿಂದಿಂದ ಕಟಕಟಕಟ ಅಂತ ಸಣ್ಣ ಶಬ್ದ ಬೇರೆ. ಮಾಣಿಯ ಮೊದಲ ವೇಷದ ವಿಡಿಯೋ ಅಲ್ಲಿಗೆ ಹೋಯ್ತು.

ಮರುದಿನ ಕಾಸರಗೋಡಿನ ಒಂದು ಅಂಗಡಿಗೆ ಹೋದೆ. ಅವ ಫೋನ್ ಕೈಗೆ ತೆಗೊಂಡು ಸರಿಯಾಗಿ ಅರ್ಧ ನಿಮಿಷ ನೋಡ್ಲಿಲ್ಲ, "ಬೋರ್ಡ್ ಕಂಪ್ಲೇಂಟಾ, ಶರಿಯಾವೂಲ" ಅಂದ, ಮಲಯಾಳದಲ್ಲಿ, ಸರಿ ಆಗುದಿಲ್ಲ ಅಂತ. ನಾನು ಮತ್ತೆ ಮತ್ತೆ ಕೇಳಿದ ಮೇಲೆ ಇಟ್ಟು ಹೋಗಿ, ನಾಲ್ಕೂವರೆ ಸಾವಿರ ಆಗಬಹುದು ಅಂದ. ಬೋರ್ಡಲ್ಲಿ ಎಂತ ಆಗಿದೆ ಅಂತ ಕೇಳಿದ್ರೆ ಮುಖ ತಿರುಗಿಸಿದ. ನನಗೆ ಸಿಟ್ಟು ಬಂದದ್ದು ದುಡ್ಡಿಗಲ್ಲ ಮಾರಾಯ್ರೆ, ನಾವು ಡಾಕ್ಟ್ರ ಹತ್ತಿರ ಹೋದ್ರೂ ಹೊಟ್ಟೆನೋವಾ ಎದೆನೋವಾ ಅಂತ ಒಂದು ಮಾತು ಕೇಳ್ತಾರಲ್ವಾ, ಇಲ್ಲಿ ಅದೂ ಇಲ್ಲ.

ಫೋನ್ ವಾಪಸ್ ತಂದು ನಾನೇ ಕೂತೆ. ಮೊದಲು ಲೆನ್ಸ್ ಒರೆಸಿದೆ, ಅಡಿಕೆ ಸುಲಿದ ಕೈಯಲ್ಲಿ ಮುಟ್ಟಿದ ಕಲೆ ಇತ್ತು, ಹೋಯ್ತು, ನಡುಕ ಹೋಗ್ಲಿಲ್ಲ. ಕವರ್ ತೆಗೆದೆ. ಆ ಕವರಿಗೆ ಮುಚ್ಚಳ ಅಂಟಿಸ್ಲಿಕ್ಕೆ ಅಯಸ್ಕಾಂತ ಉಂಟು, ಕ್ಯಾಮರದೊಳಗೆ ಲೆನ್ಸ್ ಎಲ್ಲಿದೆ ಅಂತ ಅಳೆಯುವ ಸೆನ್ಸಾರ್ ಕೂಡ ಅಯಸ್ಕಾಂತದ ಲೆಕ್ಕದಲ್ಲೇ ಕೆಲಸ ಮಾಡುದು, ಹೊರಗಿನ ಅಯಸ್ಕಾಂತ ಹತ್ತಿರ ಬಂದ್ರೆ ಅದಕ್ಕೆ ದಾರಿ ತಪ್ಪುತ್ತದೆ. ಆದ್ರೆ ಕವರ್ ತೆಗೆದ್ರೂ ನಡುಕ ಇತ್ತು. ವಾಟ್ಸಾಪ್ ಕ್ಯಾಮರದಲ್ಲಿ ನೋಡಿದೆ, ಅಲ್ಲೂ ಅದೇ. ನಾವು ಹಾಕಿಕೊಂಡ ಆ್ಯಪ್ ಯಾವುದೂ ಓಡದ ಸೇಫ್ ಮೋಡಲ್ಲಿ ಹಾಕಿದೆ, ಅಲ್ಲೂ ಅದೇ. ಹಾಗಾದ್ರೆ ಆ್ಯಪಿನ ತಪ್ಪಲ್ಲ. ಸೆಲ್ಫಿ ಕ್ಯಾಮರ ಸರಿ ಉಂಟು. ಕೊನೆಗೆ ಝೂಮನ್ನು 0.6ಕ್ಕೆ ಇಳಿಸಿದೆ ನೋಡಿ, ಹಿಂದಿನದ್ದೇ ಎರಡನೇ ಕ್ಯಾಮರ ಅದು, ಗಟ್ಟಿ ಕಲ್ಲಿನ ಹಾಗೆ ನಿಂತಿತು! 1ಕ್ಕೆ ತಂದ್ರೆ ಪುನಃ ದರ್ಶನ. ಅಂಗೈಗೆ ಫೋನನ್ನು ಮೆಲ್ಲ ಎರಡು ಸರ್ತಿ ತಟ್ಟಿದ್ರೆ ಎರಡು ಸೆಕೆಂಡು ಸುಮ್ಮನಾಗ್ತದೆ, ಮತ್ತೆ ಶುರು.

ಅಲ್ಲಿಗೆ ಗೊತ್ತಾಯ್ತು, ಬೋರ್ಡೂ ಅಲ್ಲ ಎಂತದೂ ಅಲ್ಲ, ಒಐಎಸ್. ಅಂದ್ರೆ ನಮ್ಮ ಕೈ ನಡುಗಿದ್ರೆ ಫೋಟೋ ನಡುಗಬಾರದು ಅಂತ ಲೆನ್ಸನ್ನು ಸಪೂರ ಸರಿಗೆಗಳಲ್ಲಿ ತೂಗು ಹಾಕಿರ್ತಾರೆ, ಸುತ್ತ ಕಾಯಿಲ್, ಅಯಸ್ಕಾಂತ. ಕೈ ಎಡಕ್ಕೆ ಹೋದ್ರೆ ಲೆನ್ಸ್ ಬಲಕ್ಕೆ ಹೋಗ್ತದೆ, ಒಂದು ಮಿಲಿಮೀಟರ್ ಕೂಡ ಅಲ್ಲ, ಅಷ್ಟೇ. ನನ್ನದು ಆ ತೂಗು ತಪ್ಪಿ ತಾನೇ ನಡುಗ್ಲಿಕ್ಕೆ ಶುರು ಮಾಡಿದೆ. ನಡುಕ ನಿಲ್ಲಿಸ್ಲಿಕ್ಕೆ ಇಟ್ಟವನೇ ನಡುಗುದು! (ಕ್ಯಾಮರ ಆಫ್ ಇರುವಾಗ ಫೋನ್ ಅಲ್ಲಾಡಿಸಿದ್ರೆ ಸಣ್ಣಕ್ಕೆ ಟಿಕ್ ಟಿಕ್ ಅಂದ್ರೆ ಹೆದರ್ಬೇಡಿ, ಒಐಎಸ್ ಇರುವ ಹೊಸ ಫೋನಲ್ಲೂ ಅದು ಉಂಟು. ಕ್ಯಾಮರ ತೆರೆದ ಮೇಲೂ ಕಟಕಟ ಅಂದ್ರೆ ಮಾತ್ರ ತೊಂದರೆ.)

ಎರಡನೇ ಅಂಗಡಿಯ ಹುಡುಗ ಸಣ್ಣ ಪ್ರಾಯದವ. ಶಬ್ದ ಕೇಳಿದವನೇ "ಬೈಕಿಗೆ ಹೋಲ್ಡರ್ ಉಂಟಾ ಏಟ್ಟಾ?" ಅಂತ ಕೇಳಿದ. ಉಂಟು. ಪೆರ್ಲದಿಂದ ಬದಿಯಡ್ಕ, ಚೆರ್ಕಳ ಆಗಿ ಕಾಸರಗೋಡಿಗೆ ದಿನಾ ಹೋಗಿ ಬರುವವ ನಾನು, ಹ್ಯಾಂಡಲಿಗೆ ಕಬ್ಬಿಣದ ಹೋಲ್ಡರ್ ಬಿಗಿದು ಅದರಲ್ಲಿ ಫೋನ್ ಸಿಕ್ಕಿಸಿಯೇ ಹೋಗುದು. ರಸ್ತೆಯ ಗುಂಡಿ ಬಿಡಿ, ಇಂಜಿನಿನ ಕಂಪನವೇ ಸಾಕಂತೆ, ಹ್ಯಾಂಡಲಿಂದ ನೇರ ಲೆನ್ಸಿಗೆ. ಇದು ಹುಡುಗನ ತಲೆಯಿಂದ ಬಂದದ್ದಲ್ಲ, ಆಪಲ್ ಕಂಪೆನಿಯವರೇ 2021ರಲ್ಲಿ ಬರೆದು ಹಾಕಿದ್ದಾರೆ, ಜಾಸ್ತಿ ಸಿಸಿಯ ಬೈಕಿನ ಹ್ಯಾಂಡಲಿಗೆ ಫೋನ್ ಕಟ್ಟಬೇಡಿ ಅಂತ. ನಾವು ಓದಿದ್ರಲ್ವಾ! ಎರಡು ಸಾವಿರದ ಇನ್ನೂರಕ್ಕೆ ಕ್ಯಾಮರ ಮಾತ್ರ ಬದಲಿಸಿ ಕೊಟ್ಟ, ಹಳೇದನ್ನೂ ಕೇಳಿ ತೆಗೊಂಡೆ, ಉಗುರಿನಷ್ಟು ದೊಡ್ಡದಿಲ್ಲ.

ಹಾಗಂತ ಎಲ್ಲ ಕ್ಯಾಮರಕ್ಕೂ ಒಂದೇ ರೋಗ ಅಲ್ಲ. ಆಟದ ವಿಡಿಯೋದಲ್ಲಿ ಕಪ್ಪು ಪಟ್ಟಿ ಓಡುದು ಹೆಚ್ಚಾಗಿ ಸ್ಟೇಜಿನ ಎಲ್‌ಇಡಿ ಲೈಟಿನ ಕೆಲಸ, ನಮ್ಮ ಕರೆಂಟು 50 ಹರ್ಟ್ಸ್, ಕಡಿಮೆ ಕ್ರಯದ ಲೈಟು ಸೆಕೆಂಡಿಗೆ 100 ಸಲ ಮಿಣುಕ್ತದೆ, ಸೆಟ್ಟಿಂಗ್ಸಲ್ಲಿ ಫ್ಲಿಕರ್ ಅಂತ ಇದ್ರೆ 50ಕ್ಕೆ ಇಡಿ. ಆಟಿಯ ಮಳೆಗಾಲದಲ್ಲಿ ಲೆನ್ಸಿನ ಒಳಗೆ ಆವಿ ಕೂತ್ರೆ ಫೋನನ್ನು ಅಕ್ಕಿ ಡಬ್ಬಕ್ಕೆ ಹಾಕ್ಬೇಡಿ, ಅಕ್ಕಿಯ ಹುಡಿ ಚಾರ್ಜಿಂಗ್ ತೂತಿಗೆ ಹೋಗ್ತದೆ, ಕುಚ್ಚಲಾದ್ರೂ ಬೆಳ್ತಿಗೆಯಾದ್ರೂ ಒಂದೇ. ಆಫ್ ಮಾಡಿ ಫ್ಯಾನಿನ ಅಡಿಯಲ್ಲಿ ಇಡಿ.

ನಮ್ಮ ದೊಡ್ಡಪ್ಪನದ್ದು ಇದಕ್ಕಿಂತ ದೊಡ್ಡ ಕಥೆ. ಕ್ಯಾಮರ ತೆರೆದ್ರೆ ಬರೀ ಕಪ್ಪು. ಬಸ್ಸು ಹತ್ತಿ ಪೇಟೆಗೆ ಹೊರಟಿದ್ರು, ನಾನು ನಿಲ್ಲಿಸಿದೆ. ಮೇಲಿಂದ ಕೆಳಗೆ ಎಳೆದ್ರೆ ಬರುವ ಬಟನುಗಳಲ್ಲಿ ಕ್ಯಾಮರ ಆಕ್ಸೆಸ್ ಅಂತ ಒಂದು ಉಂಟು, ಆಂಡ್ರಾಯ್ಡ್ 12ರಿಂದ ಬಂದದ್ದು, ಅದು ಹೇಗೋ ಆಫ್ ಆಗಿದೆ. "ಪ್ರತಿ ಸಲ ಎಂತದೋ ಕೇಳ್ತದೆ ಮಗ, ನಾನು ಬೇಡ ಬೇಡ ಅಂತ ಒತ್ತುದು" ಅಂದ್ರು. ಕೇಳುದು ಎಂತ ಅಂತ ಅವರಿಗೆ ಗೊತ್ತಾಗುದಾದ್ರೂ ಹೇಗೆ, ಅಂಗಡಿಯವ ಫೋನನ್ನು ಮಲಯಾಳಕ್ಕೆ ಹಾಕಿ ಕೊಟ್ಟಿದ್ದಾನೆ, ದೊಡ್ಡಪ್ಪ ಕನ್ನಡ ಶಾಲೆಯಲ್ಲಿ ಕಲಿತವರು. ನಾವು ಕೇರಳಕ್ಕೆ ಸೇರಿದ್ದು 1956ರಲ್ಲಿ, ಕೌಂಟರಿನಲ್ಲಿ ಒಬ್ಬನಾದ್ರೂ ಭಾಷೆ ಯಾವುದು ಬೇಕು ಅಂತ ಕೇಳುದು ಬೇಡವಾ? ಫೋನಲ್ಲಿ ಕನ್ನಡ ಇಲ್ಲದ್ದಲ್ಲ, ಕೇಳುವವರು ಇಲ್ಲ. ಕನ್ನಡಕ್ಕೆ ಹಾಕಿ ಕೊಟ್ಟೆ, ಈಗ ದಿನಾ ಬೆಳಿಗ್ಗೆ ದಾಸವಾಳದ ಫೋಟೋ ಬರ್ತಾ ಉಂಟು, ಅದು ಬೇರೆ ತೊಂದರೆ.

ಬೈಕಿನ ಹೋಲ್ಡರನ್ನು ಅದೇ ದಿನ ಬಿಚ್ಚಿದೆ. ಬಿಚ್ಚುವಾಗ ಹೆಂಡತಿ ಅಂಗಳದಲ್ಲಿ ನಿಂತು ಕೇಳಿದ್ಳು, "ಅಲ್ಲ, ಇಪ್ಪತ್ತು ವರ್ಷದಿಂದ ಹೋಗುವ ಕಾಸರಗೋಡಿಗೆ ನಿಮಗೆ ಮ್ಯಾಪ್ ಯಾಕೆ ಬೇಕಿತ್ತು?"