ಬಿಗ್ ಬ್ಯಾಂಗಲ್ಲೇ ಚಿನ್ನ ಹುಟ್ತಾ? ಸತ್ಯಾಂಶ

ನಮ್ಮ ಪುಣೆ ಕನ್ನಡದವರ ವಾಟ್ಸಾಪ್ ಗ್ರೂಪಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ, "ಬಿಗ್ ಬ್ಯಾಂಗ್ ಸ್ಫೋಟ ಆದ ಕ್ಷಣದಲ್ಲೇ ನಕ್ಷತ್ರ, ಕಬ್ಬಿಣ, ಚಿನ್ನ ಎಲ್ಲಾ ಒಟ್ಟಿಗೆ ಹುಟ್ಟಿದ್ವು" ಅಂತ. ಇದು ತಪ್ಪು, ಮಕ್ಕಳಿಗೂ ಕಳಿಸ್ತಿದಾರೆ ಅದಕ್ಕೇ ಬರೀತಿದೀನಿ.

ಬಿಗ್ ಬ್ಯಾಂಗ್ ಅಂದ್ರೆ ವಿಶ್ವದ ಆರಂಭ, ಅದು ಖಾಲಿ ಜಾಗದಲ್ಲಿ ಬಾಂಬ್ ಸಿಡಿದ ಹಾಗಲ್ಲ, ಸುಮಾರು 1,380 ಕೋಟಿ ವರ್ಷದ ಹಿಂದೆ ಜಾಗವೇ ಎಲ್ಲಾ ಕಡೆ ಹಿಗ್ಗೋಕೆ ಶುರುವಾಗಿದ್ದು. ಮೊದಲ ಕೆಲವು ನಿಮಿಷದಲ್ಲಿ ತಯಾರಾಗಿದ್ದು ಹೈಡ್ರೋಜನ್, ಹೀಲಿಯಂ ಬೀಜಗಳು (ಅಂದ್ರೆ ಪರಮಾಣುವಿನ ನಡುವಿನ ಭಾಗ), ಚೂರೇ ಚೂರು ಲಿಥಿಯಂ. ತೂಕದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್ನೇ. ಅಷ್ಟರಲ್ಲಿ ಬಿಸಿ ಇಳಿದುಬಿಡ್ತು, ಕಬ್ಬಿಣದ ತನಕ ಹೋಗೋಕೆ ಟೈಮೇ ಸಿಗ್ಲಿಲ್ಲ. ಪೂರ್ತಿ ಪರಮಾಣು ಕೂಡೋಕೆ 3,80,000 ವರ್ಷ ಬೇಕಾಯ್ತು, ಮೊದಲ ನಕ್ಷತ್ರ ಹೊತ್ತಿಕೊಳ್ಳೋಕೆ ಹತ್ತಿಪ್ಪತ್ತು ಕೋಟಿ ವರ್ಷ.

ಕಾರ್ಬನ್, ಆಕ್ಸಿಜನ್ ಎಲ್ಲಾ ಆ ನಕ್ಷತ್ರಗಳ ಹೊಟ್ಟೆಯಲ್ಲೇ ಬೆಂದಿದ್ದು. ದೊಡ್ಡ ನಕ್ಷತ್ರದಲ್ಲಿ ಹೀಗೆ ಹಗುರ ಬೀಜಗಳು ಬೆಸೆದು ಭಾರದ್ದಾಗೋದು ಕಬ್ಬಿಣಕ್ಕೆ ಬಂದು ನಿಲ್ಲತ್ತೆ, ಯಾಕಂದ್ರೆ ಕಬ್ಬಿಣ ಬೆಸೆದ್ರೆ ಶಕ್ತಿ ಬರಲ್ಲ, ಆಗ ನಡುಭಾಗ ಕುಸಿದು ನಕ್ಷತ್ರವೇ ಸಿಡಿಯತ್ತೆ, ಒಳಗಿದ್ದಿದ್ದೆಲ್ಲಾ ಹೊರಗೆ ಚೆಲ್ಲತ್ತೆ.

ಇನ್ನು ಚಿನ್ನ. 2017ರ ಆಗಸ್ಟ್ 17ಕ್ಕೆ ಎರಡು ನ್ಯೂಟ್ರಾನ್ ನಕ್ಷತ್ರ (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯೋ ಗಟ್ಟಿ ತಿರುಳು) ಡಿಕ್ಕಿ ಹೊಡೆದಿದ್ದು ಇಲ್ಲಿ ಭೂಮಿ ಮೇಲೆ ಗೊತ್ತಾಯ್ತು, ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ್ದು, ಅದರ ಬೆಳಕಲ್ಲಿ ಹೊಸದಾಗಿ ಹುಟ್ಟಿದ ಭಾರದ ಧಾತುಗಳ ಗುರುತು ಸಿಕ್ತು. ಚಿನ್ನ ಹುಟ್ಟೋದು ಇಂಥ ಡಿಕ್ಕಿಗಳಲ್ಲಿ ಅನ್ನೋಕೆ ಇದೇ ಗಟ್ಟಿ ಆಧಾರ. ನನಗಂತೂ ತುಂಬಾ ಖುಷಿ ಕೊಡೋ ವಿಷಯ ಅಂದ್ರೆ, ಆ ಡಿಕ್ಕಿಯ ರೇಡಿಯೋ ಅಲೆ ಹಿಡಿದಿದ್ರಲ್ಲಿ ನಮ್ಮ ಪುಣೆ ಹತ್ತಿರದ ನಾರಾಯಣಗಾಂವ್ ಪಕ್ಕದ ಖೋಡದ್‌ನ ಜಿಎಂಆರ್‌ಟಿ ಅನ್ನೋ ರೇಡಿಯೋ ದೂರದರ್ಶಕ ಕೂಡ ಇತ್ತು. ಅದೇ, 45 ಮೀಟರ್ ಅಗಲದ 30 ಡಿಶ್ ಇರೋದು.