ಡಬ್ಬಿಗಳು ಇನ್ನೂ ಮನೆಗೆ ಬಂದಿಲ್ಲ

ನಕ್ಷತ್ರ ಯಾವಾಗ ಇಳಿಸಬೇಕು ಅನ್ನೋ ವಿಷಯದಲ್ಲಿ ನಮ್ಮ ಮನೆಯಲ್ಲಿ ಮೂರು ಪಕ್ಷಗಳಿವೆ. ಡಿಸೆಂಬರಿನಲ್ಲಿ ಅದನ್ನು ಗ್ಯಾಲರಿಗೆ ತೂಗುಹಾಕುವಾಗ ಎಲ್ಲರೂ ಒಂದೇ ಪಕ್ಷ. ಒಬ್ಬರು ಸ್ಟೂಲ್ ಹಿಡಿಯುತ್ತಾರೆ, ಒಬ್ಬರು ವೈರ್ ಕೊಡುತ್ತಾರೆ, ಇನ್ನೊಬ್ಬರು ಕೆಳಗೆ ಓಣಿಯಲ್ಲಿ ನಿಂತು "ಸ್ವಲ್ಪ ಎಡಕ್ಕ, ಎಡಕ್ಕ" ಅನ್ನುತ್ತಾರೆ. ವಾದ ಶುರುವಾಗೋದು ಹೊಸ ವರ್ಷ ಕಳೆದ ಮೇಲೆ.

ನಮ್ಮನೆಯವರದು ಜನವರಿ ಎರಡಕ್ಕೇ ಇಳಿಸಬೇಕು ಅನ್ನೋ ಪಕ್ಷ. ಕರೆಂಟ್ ಬಿಲ್ ಅಂತಾರೆ. ಅಷ್ಟು ಸಣ್ಣ ಬಲ್ಬಿಗೆ ಎಷ್ಟು ಬಿಲ್ ಬರುತ್ತೆ ಅಂತ ಕೇಳಿದರೆ ಉತ್ತರ ಇಲ್ಲ. ಅಸಲಿಗೆ ಅವರ ಹಬ್ಬ 26ನೇ ತಾರೀಖು ಬೆಳಗ್ಗೆಯೇ ಮುಗಿದಿರುತ್ತದೆ. ಅವರ ಆಫೀಸಿನಲ್ಲಿ ಕ್ರಿಸ್ಮಸ್ ಅಂದರೆ ಒಂದೇ ದಿನದ ರಜೆ. ಮನೆ ತುಂಬ ಬೀಗರು ಇನ್ನೂ ಮಲಗಿರುವಾಗ ಇವರು ಚಹಾ ಕುಡಿದು, ಸಹೋದ್ಯೋಗಿಗಳಿಗೆ ಅಂತ ಕಟ್ಟಿಟ್ಟ ಕೇಕ್ ಚೀಲ ಹಿಡಿದು, ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಹೋಗುತ್ತಾರೆ. ಅವರಿಗೆ ಸಿಟ್ಟು ಬರೋದು ಸಹಜ, ಅಲ್ವಾ.

ಮಗಳದು ಇಳಿಸುವುದೇ ಬೇಡ ಅನ್ನೋ ಪಕ್ಷ. ಅವಳ ಶಾಲೆಗೆ ಹೊಸ ವರ್ಷದ ತನಕ ರಜೆ. ರಜೆ ಮುಗಿದರೂ ವಾದ ಮುಗಿಯುವುದಿಲ್ಲ. ರಷ್ಯಾದಲ್ಲಿ ಆರ್ಥಡಾಕ್ಸ್ ಸಭೆಯವರು ಹಳೇ ಜೂಲಿಯನ್ ಕ್ಯಾಲೆಂಡರ್ ಹಿಡಿದು ಜನವರಿ 7ಕ್ಕೆ ಕ್ರಿಸ್ಮಸ್ ಮಾಡುತ್ತಾರಂತೆ, ಹಾಗಾದರೆ ಹಬ್ಬ ಇನ್ನೂ ಬಂದೇ ಇಲ್ಲ ಅನ್ನುತ್ತಾಳೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಕೂತು ರಷ್ಯಾದ ಪಂಚಾಂಗ ಹೇಳುವ ಹುಡುಗಿಗೆ ಏನು ಹೇಳೋದು. ಹೋಮ್‌ವರ್ಕ್ ಆಯ್ತಾ ಅಂತ ಕೇಳಿದೆ. ಆಗಿರಲಿಲ್ಲ.

ಮೂರನೇ ಪಕ್ಷ ಅತ್ತೆಯದು. ಅತ್ತೆ ಬೆಟಗೇರಿಯವರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, 1837ಕ್ಕೆ ಧಾರವಾಡ, ಆಮೇಲೆ ಹುಬ್ಬಳ್ಳಿ, ಬೆಟಗೇರಿ ಅಂತ ಬಂದರಲ್ಲ, ಆವತ್ತಿನಿಂದ ಸಭೆಯಲ್ಲಿರುವ ಮನೆತನ ತಮ್ಮದು ಅಂತ ಅವರಿಗೆ ಸ್ವಲ್ಪ ಹೆಮ್ಮೆ. ಹೀಗಾಗಿ ತಿಥಿ ವಾರದ ವಿಷಯದಲ್ಲಿ ಅವರ ಮಾತೇ ಕೊನೆ. ಕ್ರಿಸ್ಮಸ್ ಒಂದು ದಿನದ್ದಲ್ಲ, ಹನ್ನೆರಡು ದಿನದ್ದು. ಮೂಡಣ ದೇಶದ ಜೋಯಿಸರು ಕೂಸನ್ನು ನೋಡಲು ಬಂದ ಹಬ್ಬ ಜನವರಿ 6ಕ್ಕೆ. "ಅವರು ಬರೂದು ನಕ್ಷತ್ರ ನೋಡ್ಕೋತ. ನೀವು ಎರಡಕ್ಕ ನಕ್ಷತ್ರ ತಗದು ಅಟ್ಟಕ್ಕ ಒಗದ್ರ, ಅವರು ದಾರಿ ತಪ್ಪಿ ಗದಗ ರೋಡಿಗೆ ಹೋಗ್ತಾರ" ಅಂದರು. ನಮ್ಮನೆಯವರು ಪೇಪರ್ ಮೇಲೆತ್ತಿ ಮುಖ ಮುಚ್ಚಿಕೊಂಡರು.

ನನಗೆ ಯಾವ ಪಕ್ಷವೂ ಇಲ್ಲ. ಸಭೆಯಲ್ಲಿ ಹೇಳೋ ಹಾಗಿಲ್ಲ, ಇಲ್ಲಿ ಹೇಳುತ್ತೇನೆ: ನನಗೆ ಹಬ್ಬಕ್ಕಿಂತ ಹಬ್ಬದ ಮರುವಾರವೇ ಜಾಸ್ತಿ ಇಷ್ಟ. ಕ್ಯಾರಲ್ಸ್ ರಾತ್ರಿಗಳು, 24ರ ಓಡಾಟ, 31ರ ಮಧ್ಯರಾತ್ರಿಯ ಆರಾಧನೆ, ಅದಾದ ಮೇಲೂ ಯಾರೋ ಒಬ್ಬರು ಬಂದು "ಬರೇ ಚಹಾ ಸಾಕ್ರಿ" ಅಂತ ಊಟ ಮಾಡಿಕೊಂಡೇ ಹೋಗೋದು, ಎಲ್ಲ ಚೆಂದವೇ. ಆದರೆ ಆ ದಿನಗಳಲ್ಲಿ ನನ್ನ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿ ಎಲ್ಲಿದೆ ಅಂತ ನನಗೇ ಗೊತ್ತಿರುವುದಿಲ್ಲ.

ನಾದಿನಿಯ ಸಂಸಾರ ಬೆಂಗಳೂರಿಗೆ ಹೊರಟ ದಿನ ಸ್ಟೇಶನ್ನಿಗೆ ಹೋಗಿದ್ದೆವು. ನಮ್ಮ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ, ಜಗತ್ತಿನಲ್ಲೇ ಉದ್ದದ್ದು, 2023ರಲ್ಲಿ ಉದ್ಘಾಟನೆ ಆಯ್ತು. ನಾದಿನಿಯ ಮಗ ಅದರ ಈ ತುದಿಯಿಂದ ಆ ತುದಿಗೆ ನಡೆಯಬೇಕು ಅಂತ ವಾರದಿಂದ ಹಟ ಹಿಡಿದಿದ್ದ. ಅವರ ಗಾಡಿ ಬಂದದ್ದು ಬೇರೆ ಪ್ಲಾಟ್‌ಫಾರ್ಮಿಗೆ. ಅಳು, ಕುರ್ಕುರೆ, ಟಾಟಾ. ಅವರ ಚೀಲದಲ್ಲಿ ಕೇಕ್ ಇರಲಿಲ್ಲ. "ವೈನಿ, ಕೇಕ್ ಬೆಂಗಳೂರಾಗೂ ಸಿಗ್ತೈತಿ, ಖಡಕ್ ರೊಟ್ಟಿ ಕೊಡ್ರಿ, ಗುರೆಳ್ಳು ಚಟ್ನಿ ಕೊಡ್ರಿ" ಅಂದಿದ್ದಳು. ಮನೆಗೆ ಬರುವಷ್ಟರಲ್ಲಿ ಚಾರ್ಜರ್ ಮರೆತದ್ದಕ್ಕೆ ಫೋನ್ ಬಂತು. ಒಂದು ಕಾಲುಚೀಲವನ್ನೂ ಬಿಟ್ಟು ಹೋಗಿದ್ದರು. ಅದರ ಬಗ್ಗೆ ಯಾರೂ ಕೇಳಲಿಲ್ಲ.

ನಮ್ಮ ಊರಲ್ಲಿ ಬದುಕು ಮತ್ತೆ ದಾರಿಗೆ ಬರೋದನ್ನು ಕ್ಯಾಲೆಂಡರ್ ಹೇಳುವುದಿಲ್ಲ, ನಳ ಹೇಳುತ್ತದೆ. ಸವದತ್ತಿ ಕಡೆ ಮಲಪ್ರಭೆಯಿಂದಲೋ ಕಲಘಟಗಿ ಕಡೆ ನೀರಸಾಗರದಿಂದಲೋ ಹೊರಟ ನೀರು ನಮ್ಮ ಓಣಿಗೆ ಮುಟ್ಟೋದು ಐದಾರು ದಿನಕ್ಕೊಮ್ಮೆ, ಕೆಲವೊಮ್ಮೆ ಇನ್ನೂ ತಡ. ಬೀಗರು ಇದ್ದಾಗ ಸಂಪಿನ ಮುಚ್ಚಳ ತೆಗೆದು ನೋಡೋದೇ ಒಂದು ಪ್ರಾರ್ಥನೆ. ಬೆಂಗಳೂರಿನವರ ಮುಂದೆ ಇದನ್ನೆಲ್ಲ ಹೇಳೋಕೆ ಹೋಗಬಾರದು, ಅವರು ತಮ್ಮ ಟ್ಯಾಂಕರ್ ರೇಟ್ ಹೇಳಲು ಶುರು ಮಾಡುತ್ತಾರೆ. ಅಂತೂ ಅವರು ಹೋದ ಮೇಲೆ, ಐದನೇ ತಾರೀಖು ನಸುಕಿನಲ್ಲಿ, ಎದುರು ಮನೆಯ ಅಕ್ಕಾರು "ನೀರು ಬಿಟ್ಟಾರ್ರೀ" ಅಂತ ಕೂಗಿದರು. ಆ ದನಿಗೆ ಏಳದ ಮನೆ ನಮ್ಮ ಓಣಿಯಲ್ಲಿ ಇಲ್ಲ.

ಅವತ್ತು ಕೌದಿ ಒಗೆದೆವು. ಕೌದಿ ಒಗೆಯೋದು ಅಂದರೆ ಕುಸ್ತಿ ಆಡಿದ ಹಾಗೆ. ಹಳೇ ಸೀರೆಗಳನ್ನು ಪದರು ಪದರಾಗಿ ಹಾಸಿ ಕೈಹೊಲಿಗೆ ಹಾಕಿದ್ದು ಒಣಗಿದ್ದಾಗ ಮೈಮೇಲೆ ಹಗುರ. ಒಮ್ಮೆ ನೀರು ಕುಡಿಯಿತು ಅಂದರೆ ಇಬ್ಬರು ಎತ್ತಿದರೂ ಏಳುವುದಿಲ್ಲ. ವಾಶಿಂಗ್ ಮಶೀನಿಗೆ ಹಾಕುವಂತಿಲ್ಲ. ಮಗಳು ಟಬ್ಬಿನಲ್ಲಿ ನಿಂತು ತುಳಿದಳು. ಥಂಡಿ ನೀರಿಗೆ ಮೊದಲು ಕಿರುಚಿದಳು, ಆಮೇಲೆ ಅದೇ ಆಟ ಆಯ್ತು. ನಾನು ಒಂದು ತುದಿ, ನಮ್ಮನೆಯವರು ಒಂದು ತುದಿ ಹಿಡಿದು ಹಿಂಡಿದೆವು. ಅತ್ತೆ ಬಿಸಿಲಿಗೆ ಕುರ್ಚಿ ಹಾಕಿಕೊಂಡು ತಂತಿಯ ಮೇಲಿನ ಕೌದಿಯನ್ನು ಓದುತ್ತಾ ಕೂತರು. ಈ ಹಸಿರು ತುಂಡು ಅವರ ಅವ್ವನ ಇಳಕಲ್ ಸೀರೆ. ಆ ಮೂಲೆಯ ಬಿಳಿದು ಮಾವನ ಧೋತರ. ನಡುವೆ ಒಂದು ಕೆಂಪು ಚೌಕ ಇದೆ, ಅದು ಯಾರದು ಅಂತ ನೆನಪಾಗದೆ ಅರ್ಧ ತಾಸು ಸುಮ್ನೆ ಅದನ್ನೇ ನೋಡಿದರು.

ನಕ್ಷತ್ರ ಇಳಿದದ್ದೂ ಅವತ್ತೇ. ಯಾವ ಪಕ್ಷವೂ ಗೆದ್ದು ಇಳಿಸಿದ್ದಲ್ಲ. ಬೆಡ್‌ಶೀಟ್‌ಗಳ ರಾಶಿಗೆ ಮಶೀನನ್ನು ಹಿತ್ತಲಿಗೆ ಎಳೆದಿದ್ದೆವು, ಅಲ್ಲಿಗೆ ಎಕ್ಸ್‌ಟೆನ್ಶನ್ ಬೋರ್ಡ್ ಬೇಕಾಯ್ತು, ಮನೆಯಲ್ಲಿರುವ ಒಂದೇ ಬೋರ್ಡಿಗೆ ನಕ್ಷತ್ರ ಜೋಡಿಸಿತ್ತು. ಬೋರ್ಡ್ ಬಂದಮೇಲೆ ಉರಿಯದ ನಕ್ಷತ್ರ ಯಾಕೆ ಅಂತ ಅದನ್ನೂ ಬಿಚ್ಚಿದರು. ಜೋಯಿಸರ ಹಬ್ಬಕ್ಕೆ ಒಂದೇ ದಿನ ಬಾಕಿ. ಅತ್ತೆ ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಗ್ಯಾಲರಿಗೆ ಬಂದು ಓಣಿ ನೋಡಿದರು. "ಮೂಲಿ ಮನಿಯವರದು ಇನ್ನೂ ಐತಿ. ಓಣಿ ತನಕಾ ಬಂದ್ರ ಸಾಕು, ಮುಂದ ಮನಿ ಕೇಳ್ಕೋತ ಬರ್ತಾರ. ಯೆರೂಸಲೇಮಿನ್ಯಾಗೂ ಕೇಳೇ ಬಂದಾರಲ್ಲ" ಅಂದರು. ಅದು ನಿಜವೇ, ಬೈಬಲಿನಲ್ಲಿ ಹಾಗೇ ಇದೆ.

ಪ್ಲಾಸ್ಟಿಕ್ ಮರ ಅದರ ಬಾಕ್ಸಿಗೆ ಈ ವರ್ಷವೂ ಹಿಡಿಸಲಿಲ್ಲ. ಹಗ್ಗ ಕಟ್ಟಿ ಅಟ್ಟ ಹತ್ತಿಸಿದೆವು.

ಮಧ್ಯಾಹ್ನ ರೊಟ್ಟಿ ಬಡಿದೆ. ಇದನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಿರ್ಯಾನಿ, ಮಟನ್, ಕೇಕ್, ಪಾಯಸ, ಮತ್ತೆ ಉಳಿದ ಬಿರ್ಯಾನಿ. ಇಷ್ಟೆಲ್ಲ ಆದ ಮೇಲೆ ನಾಲಿಗೆ ತಾನೇ ರೊಟ್ಟಿ ಕೇಳುತ್ತದೆ. ಬಿಸಿ ರೊಟ್ಟಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಪಕ್ಕಕ್ಕೆ ಗುದ್ದಿ ಒಡೆದ ಉಳ್ಳಾಗಡ್ಡಿ. ಯಾರೂ ಮಾತಾಡಲಿಲ್ಲ. ಹಬ್ಬದ ದಿನ ಇಷ್ಟು ಶಾಂತವಾಗಿ ಯಾರೂ ಉಂಡಿರಲಿಲ್ಲ. ಅವತ್ತು ಬಡಿಸುವ ಗದ್ದಲದಲ್ಲಿ ನಾನಂತೂ ನಿಂತೇ ತಿಂದಿದ್ದೆ. ಸಂಜೆ ನಮ್ಮನೆಯವರು ಒಂದು ಕಟ್ಟು ಸುಲಗಾಯಿ ತಂದರು. ಹಸಿ ಕಡಲೆ ಬಿಡಿಸುತ್ತಾ ಕೂತರೆ ಟಿವಿ ಕೂಡ ಬೇಡ. ಬ್ಯಾಡಗಿ ಪೇಟೆಗೆ ಹೊಸ ಮೆಣಸಿನಕಾಯಿ ಬರುವ ಕಾಲ ಇದು. ಅತ್ತೆ ವರ್ಷದ ಖಾರದಪುಡಿಯ ಲೆಕ್ಕ ಬಾಯಲ್ಲೇ ಹಾಕಲು ಶುರು ಮಾಡಿದರು.

ಇನ್ನು ಉಳಿದದ್ದು ಕರ್ಚಿಕಾಯಿ. ಕ್ರಿಸ್ಮಸ್ಸಿಗೆ ಮಾಡಿದ ಕರ್ಚಿಕಾಯಿ ಜನವರಿಗೆ ಬರುವಷ್ಟರಲ್ಲಿ ಬೇರೆಯೇ ತಿಂಡಿ ಆಗಿರುತ್ತದೆ. ಗಾಲಿಯಿಂದ ಕತ್ತರಿಸಿದ ಅಂಚು ಗಟ್ಟಿಯಾಗಿ ಹಲ್ಲಿಗೆ ಸವಾಲು. ಹೊಟ್ಟೆ ಬಿರಿದದ್ದರ ಹೂರಣವೆಲ್ಲ ಡಬ್ಬಿಯ ತಳಕ್ಕೆ ಇಳಿದು, ಕೊಬ್ಬರಿ, ಪುಟಾಣಿ, ಗಸಗಸೆ, ಸಕ್ಕರೆ, ಏಲಕ್ಕಿ ಎಲ್ಲ ಒಂದಾದ ಒಂದು ಪುಡಿ ಆಗಿರುತ್ತದೆ. ಆ ಪುಡಿ ಕರ್ಚಿಕಾಯಿಗಿಂತ ರುಚಿ. ಮಗಳು ಚಮಚ ಹಾಕಿ ತಿನ್ನುತ್ತಾಳೆ. ನಮ್ಮನೆಯವರು ಯಾರೂ ಇಲ್ಲದಾಗ ತಿನ್ನುತ್ತಾರೆ. ಚಮಚ ಮಾತ್ರ ಸಿಂಕಿನಲ್ಲಿ ಸಿಗುತ್ತದೆ.

ಡಬ್ಬಿ ಅಂದೆನಲ್ಲ, ಅಲ್ಲೇ ಇರೋದು ತಕರಾರು. ಹಬ್ಬಕ್ಕೆ ಓಣಿಯ ಮನೆಗಳಿಗೆಲ್ಲ ಕರ್ಚಿಕಾಯಿ, ಚಕ್ಕಲಿ, ಶಂಕರಪಾಳಿ ಕೊಟ್ಟು ಕಳಿಸುತ್ತೇವೆ. ಪ್ಲಾಸ್ಟಿಕ್ ಪೊಟ್ಟಣ ಅತ್ತೆಗೆ ಆಗುವುದಿಲ್ಲ, ಸ್ಟೀಲ್ ಡಬ್ಬಿಯೇ ಆಗಬೇಕು. ಆ ಡಬ್ಬಿಗಳು ಜನವರಿ ಆರಾದರೂ ಎಂಟಾದರೂ ಮನೆಗೆ ಬರುವುದಿಲ್ಲ. ಕೊಟ್ಟವರ ಡಬ್ಬಿಯನ್ನು ಖಾಲಿ ವಾಪಸ್ ಕಳಿಸಬಾರದು. ಬೇಗ ಕಳಿಸಬೇಕು ಅಂದರೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಬಹುದು. ಆದರೆ ಎದುರಿಗೇ ಸಂಕ್ರಾಂತಿ ಇರುವಾಗ ಸಕ್ಕರೆ ಹಾಕಿ ಕಳಿಸುವ ಮನೆ ಯಾವುದು? ದಾರಿಯಲ್ಲಿ ಅಕ್ಕಾರು ಸಿಕ್ಕಾಗ ನಾನು ಕೇಳುವ ಮೊದಲೇ ಅವರೇ ಹೇಳಿದರು. "ನಿಮ್ಮ ಡಬ್ಬಿ ನಮ್ಮನಿಯಾಗೇ ಐತ್ರೀ. ಖಾಲಿ ಹೆಂಗ ಕೊಡೂದು? ಕುಸುರೆಳ್ಳು ಮಾಡಾಕ ಹತ್ತೇನಿ."

ಅಕ್ಕಾರು ಕುಸುರೆಳ್ಳನ್ನು ಅಂಗಡಿಯಿಂದ ತರುವವರಲ್ಲ. ಸಣ್ಣ ಕೆಂಡದ ಮೇಲೆ ಹರಿವಾಣ ಇಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಹನಿ ಹನಿಯಾಗಿ ಬಿಟ್ಟು, ಬೆರಳ ತುದಿಯಿಂದ ಕೈಯಾಡಿಸುತ್ತಾ ಕೂರುತ್ತಾರೆ. ಥಂಡಿ ಇದ್ದರೇ ಅದಕ್ಕೆ ಮುಳ್ಳು ಏಳೋದು. ಪಾಕ ಜಾಸ್ತಿ ಆದರೆ ಉಂಡೆ, ಕೆಂಡ ಜಾಸ್ತಿ ಆದರೆ ಕಪ್ಪು. ಇಷ್ಟು ತಾಳ್ಮೆಯ ಕೆಲಸ ನಡೆದಿರುವಾಗ ಡಬ್ಬಿ ಕೊಡ್ರಿ ಅಂತ ಕೇಳುವ ಮುಖ ನನಗಿಲ್ಲ. ಮಗಳ ಶಾಲೆಯ ಡಬ್ಬಿಗೆ ಸದ್ಯ ಐಸ್‌ಕ್ರೀಮಿನ ಡಬ್ಬಿ ಹೋಗುತ್ತಿದೆ.

ಸಂಕ್ರಾಂತಿ ದಿನ ಡಬ್ಬಿಗಳು ಬಂದವು. ಕೆಲವದರಲ್ಲಿ ಕುಸುರೆಳ್ಳು, ಒಂದರಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮೇಲೆ ಬೆಣ್ಣೆ. ಅಕ್ಕಾರ ಮೊಮ್ಮಗಳು ಹೊಸ ಲಂಗ ಹಾಕಿಕೊಂಡು ಬಂದು ಅತ್ತೆಯ ಕೈಗೆ ಕುಸುರೆಳ್ಳು ಹಾಕಿ ಕಾಲು ಮುಟ್ಟಿತು. ತಳ ತಿರುಗಿಸಿ ನೋಡಿದರೆ ಆ ಡಬ್ಬಿ ನಮ್ಮದಲ್ಲ. ನಮ್ಮದರ ಮೇಲೆ ಮಾವನ ಹೆಸರು ಕೊರೆಸಿದೆ, ಇದರ ಮೇಲೆ ಮೂಲೆ ಮನೆಯವರ ಹೆಸರು. ನಾನು ಹೇಳಲು ಬಾಯಿ ತೆರೆದೆ. ಅತ್ತೆ ಕಣ್ಣಲ್ಲೇ ಸುಮ್ಮನಾಗಿಸಿ, ಹುಡುಗಿ ಹೋದ ಮೇಲೆ ಹೇಳಿದರು. "ಇರ್ಲಿ ಬಿಡು. ಅಕ್ಕಾರ ಡಬ್ಬಿ ದೀಪಾವಳಿಯಿಂದ ನಮ್ಮ ಕಪಾಟಿನ್ಯಾಗ ಐತಿ."